ಸಭೆಯ ನೆನಪನ್ನು ಕಟ್ಟಿದ ಸಂತ ಇಗ್ನೇಷಿಯಸ್

ಸಂಘವೊಂದನ್ನು ಸ್ಥಾಪಿಸಲು ಉತ್ಸಾಹ ಸಾಕು. ಆದರೆ ಸ್ಥಾಪಿಸಿದವರು ಕಣ್ಮರೆಯಾದ ಮೇಲೂ ಆ ಸಂಘವು ತಾನು ಕಲಿತದ್ದನ್ನು ಮರೆಯದೆ ಉಳಿಯಬೇಕಾದರೆ ಉತ್ಸಾಹವೊಂದೇ ಸಾಲದು. ಇದು ನಮ್ಮ ಧರ್ಮಕೇಂದ್ರಗಳಲ್ಲಿ ನಾವೆಲ್ಲರೂ ಕಂಡ ಸತ್ಯ. ಬಡವರಿಗೆ ನೆರವಾಗುವ ಸಂಘದಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿ ದುಡಿದ ಹಿರಿಯರೊಬ್ಬರು ಪ್ರಭುವಿನ ಪಾದ ಸೇರುತ್ತಾರೆ. ಯಾವ ಮನೆಯ ಕಷ್ಟ ಎಂಥದು, ಯಾರ ಕೈಗೆ ಹಣ ಕೊಡಬಹುದು, ಯಾರಿಗೆ ಹಣದ ಬದಲು ಅಕ್ಕಿ ಕೊಡಬೇಕು, ಯಾವ ದಾನಿ ತನ್ನ ಹೆಸರು ಹೊರಗೆ ಬರಬಾರದೆಂದು ಕೇಳಿಕೊಂಡಿದ್ದಾರೆ ಎಂಬ ತಿಳಿವಳಿಕೆಯೆಲ್ಲವೂ ಅವರೊಡನೆ ಸಮಾಧಿ ಸೇರುತ್ತದೆ. ಅವರ ಸ್ಥಾನಕ್ಕೆ ಬಂದವರು ಒಳ್ಳೆಯವರೇ ಆಗಿರುತ್ತಾರೆ. ಆದರೆ ಅವರು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಅವರು ಕಲಿಯುವ ತನಕ ಕಾಯಬೇಕಾದವರು ಆ ಬಡವರು.

ಈ ವಿಷಯವನ್ನು ಕುರಿತು ಆಳವಾಗಿ ಚಿಂತಿಸಿ, ಚಿಂತಿಸಿದಂತೆಯೇ ನಡೆದ ಸಂತರೊಬ್ಬರು ನಮ್ಮ ಧರ್ಮಸಭೆಯಲ್ಲಿದ್ದಾರೆ. ಅವರೇ ಪ್ರತಿವರ್ಷ ಜುಲೈ 31ರಂದು ನಾವು ಸ್ಮರಿಸುವ ಲೊಯೋಲಾದ ಸಂತ ಇಗ್ನೇಷಿಯಸ್. ಯುದ್ಧದಲ್ಲಿ ಗಾಯಗೊಂಡ ಯೋಧರಾಗಿ, ಯೇಸುಸಭೆಯ ಸ್ಥಾಪಕರಾಗಿ ಅವರನ್ನು ನಮ್ಮ ಓದುಗರು ಬಲ್ಲರು. ಆದರೆ ಬಾಳಿನ ಕೊನೆಯ 15 ವರ್ಷಗಳನ್ನು ರೋಮ್ ನಗರದ ಪುಟ್ಟ ಕೋಣೆಗಳಲ್ಲಿ ಪತ್ರಗಳ ನಡುವೆ ಕಳೆದ ಇಗ್ನೇಷಿಯಸರು ನಮಗೆ ಅಷ್ಟಾಗಿ ಪರಿಚಿತರಲ್ಲ. ಆ ದೃಷ್ಟಿಯಿಂದ ಅವರ ಜೀವನವನ್ನು ಈ ವಾರ ಅವಲೋಕಿಸೋಣ.

ಕೆಂಪು ಶಾಯಿ, ನೀಲಿ ಶಾಯಿ

ಸ್ಪೇನ್ ದೇಶದ ಬಾಸ್ಕ್ ನಾಡಿನಲ್ಲಿರುವ ಲೊಯೋಲಾ ಎಂಬ ಮನೆತನದಲ್ಲಿ 1491ರಲ್ಲಿ ಇಗ್ನೇಷಿಯಸರು ಜನಿಸಿದರು. ಇನಿಗೊ ಎಂಬುದು ಅವರಿಗೆ ಹೆತ್ತವರು ಇಟ್ಟ ಹೆಸರು. ಎಳೆಯ ವಯಸ್ಸಿನಲ್ಲಿಯೇ ಅವರನ್ನು ಅರೆವಾಲೊ ಪಟ್ಟಣಕ್ಕೆ, ರಾಜ್ಯದ ಖಜಾನೆಯ ಅಧಿಕಾರಿಯ ಮನೆಗೆ ಕಳುಹಿಸಲಾಯಿತು. ಕುದುರೆ ಸವಾರಿ ಮತ್ತು ಕತ್ತಿವರಸೆಯ ಜೊತೆಗೆ ಅಲ್ಲಿ ಅವರು ಕಲಿತ ಇನ್ನೊಂದು ವಿದ್ಯೆ ಸುಂದರವಾದ ಬರವಣಿಗೆ. ಯೌವನದ ವೈಭವದಲ್ಲಿ ಆ ವಿದ್ಯೆಗೆ ಹೆಚ್ಚಿನ ಬೆಲೆ ಇರಲಿಲ್ಲ. ಅದರ ಬೆಲೆ ತಿಳಿದದ್ದು ಅನಂತರ.

1521ರ ಮೇ ತಿಂಗಳಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡೊಂದು ಅವರ ಕಾಲನ್ನು ಮುರಿಯಿತು. ಲೊಯೋಲಾದಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಅವರ ಕೈಗೆ ಸಿಕ್ಕಿದ್ದು ಎರಡು ಪುಸ್ತಕಗಳು. ಒಂದು ಕ್ರಿಸ್ತರ ಜೀವನಚರಿತ್ರೆ, ಇನ್ನೊಂದು ಸಂತರ ಚರಿತ್ರೆಗಳ ಸಂಗ್ರಹ. ಈ ಪುಸ್ತಕಗಳು ಅವರ ಮನಸ್ಸನ್ನು ತಿರುಗಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರು ಆ ಪುಸ್ತಕಗಳನ್ನು ಓದಿ ಬದಿಗಿಡಲಿಲ್ಲ. ಮುಖ್ಯವೆನಿಸಿದ ಭಾಗಗಳನ್ನು ಸುಮಾರು 300 ಹಾಳೆಗಳ ಒಂದು ಪುಸ್ತಕದಲ್ಲಿ ಮುದ್ದಾದ ಅಕ್ಷರಗಳಲ್ಲಿ ಬರೆದುಕೊಂಡರು. ಕ್ರಿಸ್ತರ ಮಾತುಗಳಿಗೆ ಕೆಂಪು ಶಾಯಿ, ಮಾತೆ ಮರಿಯಳ ಮಾತುಗಳಿಗೆ ನೀಲಿ ಶಾಯಿ. ಪರಿವರ್ತನೆಯ ಮೊದಲ ದಿನಗಳಲ್ಲಿಯೇ ಅವರು ಬರೆದಿಡುವ ಮನುಷ್ಯರಾಗಿದ್ದರು.

1522ರಲ್ಲಿ ಅವರು ಮನ್ರೇಸ ಎಂಬ ಊರಿನಲ್ಲಿ ತಪಸ್ಸಿನಲ್ಲಿ ತೊಡಗಿದರು. ಪ್ರಾರ್ಥನೆಯಲ್ಲಿ ತಮ್ಮ ಮನಸ್ಸು ಯಾವಾಗ ನೆಮ್ಮದಿಗೊಂಡಿತು, ಯಾವಾಗ ಕದಡಿತು, ಯಾವುದರಿಂದ ಮೋಸ ಹೋಯಿತು ಎಂಬುದನ್ನೆಲ್ಲ ಗುರುತಿಸಿ ಬರೆದುಕೊಂಡರು. ಆ ಟಿಪ್ಪಣಿಗಳೇ ಮುಂದೆ ಬೆಳೆದು 'ಆಧ್ಯಾತ್ಮಿಕ ಸಾಧನೆಗಳು' ಎಂಬ ಗ್ರಂಥವಾದವು. 1548ರಲ್ಲಿ ಪೋಪ್ ಮೂರನೆಯ ಪೌಲರು ಅದಕ್ಕೆ ಮನ್ನಣೆ ನೀಡಿದರು. ಈ ಗ್ರಂಥದ ಸ್ವರೂಪವನ್ನು ಗಮನಿಸಬೇಕು. ಇದನ್ನು ಕುಳಿತು ಓದಿದರೆ ಪ್ರಯೋಜನ ಕಡಿಮೆ. ತಾನು ಸಾಧನೆ ಮಾಡಿ ಅನುಭವ ಪಡೆದ ಒಬ್ಬನು, ಸಾಧನೆ ಮಾಡಬಯಸುವ ಇನ್ನೊಬ್ಬನಿಗೆ, ಅವನ ಶಕ್ತಿಗೆ ತಕ್ಕಂತೆ ನೀಡಬೇಕಾದ ಮಾರ್ಗದರ್ಶನ ಇದರಲ್ಲಿದೆ. ತಿಳಿವಳಿಕೆಯನ್ನು ಉಳಿಸಲು ಬರಹವೂ ಬೇಕು, ಆ ಬರಹವನ್ನು ಬದುಕಿದ ಮನುಷ್ಯನೂ ಬೇಕು ಎಂಬುದು ಇಗ್ನೇಷಿಯಸರ ಇಡೀ ಜೀವನದ ಪಾಠ. ಆ ಪಾಠದ ಬೀಜ ಇಲ್ಲಿಯೇ ಇದೆ.

ಗೆಳೆಯರು ಚದುರುವ ಮೊದಲು

ಜನರಿಗೆ ಸಹಾಯ ಮಾಡಬೇಕಾದರೆ ವಿದ್ಯೆ ಬೇಕೆಂದು ಮನಗಂಡ ಇಗ್ನೇಷಿಯಸರು 33ನೆಯ ವಯಸ್ಸಿನ ಸುಮಾರಿಗೆ ಬಾರ್ಸಿಲೋನದಲ್ಲಿ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. 1528ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ಅವರೊಡನೆ ಒಂದೇ ಕೋಣೆಯಲ್ಲಿ ವಾಸವಾಗಿದ್ದವರು ಪೀಟರ್ ಫೇಬರ್ ಮತ್ತು ನಮಗೆಲ್ಲ ಪ್ರಿಯರಾದ ಫ್ರಾನ್ಸಿಸ್ ಝೇವಿಯರ್. 1534ರ ಆಗಸ್ಟ್ 15ರಂದು ಏಳು ಮಂದಿ ಗೆಳೆಯರು ಮೊಂಮಾರ್ತ್ರ್ ಗುಡ್ಡದ ಮೇಲಿನ ಪ್ರಾರ್ಥನಾಲಯದಲ್ಲಿ ವ್ರತ ಸ್ವೀಕರಿಸಿದರು.

1539ರಲ್ಲಿ ರೋಮಿನಲ್ಲಿದ್ದ ಈ ಗೆಳೆಯರ ಮುಂದೆ ಒಂದು ದೊಡ್ಡ ಪ್ರಶ್ನೆ ಬಂದಿತು. ಪೋಪರು ಅವರನ್ನು ಬೇರೆ ಬೇರೆ ನಾಡುಗಳಿಗೆ ಕಳುಹಿಸಲಿದ್ದರು. ಚದುರಿದ ಮೇಲೆ ಅವರು ಒಂದೇ ದೇಹವಾಗಿ ಉಳಿಯಬೇಕೇ? ತಮ್ಮಲ್ಲೊಬ್ಬರಿಗೆ ವಿಧೇಯರಾಗಬೇಕೇ? ಹಗಲು ತಮ್ಮ ಸೇವೆಯಲ್ಲಿ ತೊಡಗಿ, ಉಳಿದ ಹೊತ್ತಿನಲ್ಲಿ ಅವರು ವಾರಗಟ್ಟಲೆ ಚರ್ಚಿಸಿದರು. ವಿಧೇಯತೆಯ ಪ್ರಶ್ನೆ ಬಂದಾಗ ಒಂದು ದಿನ ಎಲ್ಲರೂ ಅದರ ವಿರುದ್ಧದ ಕಾರಣಗಳನ್ನಷ್ಟೇ ಹೇಳಬೇಕು. ಮರುದಿನ ಎಲ್ಲರೂ ಅದರ ಪರವಾದ ಕಾರಣಗಳನ್ನಷ್ಟೇ ಹೇಳಬೇಕು ಎಂದು ನಿಯಮ ಮಾಡಿಕೊಂಡರು. ಕೊನೆಗೆ ಒಮ್ಮತದಿಂದ ತೀರ್ಮಾನಕ್ಕೆ ಬಂದರು. ಆ ತೀರ್ಮಾನದ ಜೊತೆಗೆ, ಅದಕ್ಕೆ ಬಂದ ದಾರಿಯನ್ನೂ ದಾಖಲಿಸಿಟ್ಟರು. ನಮ್ಮ ಸಂಘಗಳ ನಡವಳಿ ಪುಸ್ತಕಗಳಲ್ಲಿ ಯಾವ ನಿರ್ಣಯವಾಯಿತು ಎಂಬುದು ಸಾಮಾನ್ಯವಾಗಿ ಸಿಗುತ್ತದೆ. ಏಕೆ ಆಯಿತು ಎಂಬುದು ಸಿಗುವುದು ಅಪರೂಪ. ಕಾರಣ ತಿಳಿಯದ ನಿರ್ಣಯವನ್ನು ಮುಂದಿನವರು ಗೌರವಿಸಲಾರರು, ತಿದ್ದಲೂ ಅರಿಯರು.

1540ರ ಮಾರ್ಚ್ ತಿಂಗಳಲ್ಲಿ ಝೇವಿಯರರು ಭಾರತದ ದಾರಿ ಹಿಡಿದು ರೋಮ್ ಬಿಟ್ಟರು. ಹೊರಡುವ ಮೊದಲು, ಮುಂದೆ ಸಿದ್ಧವಾಗಲಿರುವ ನಿಯಮಗಳಿಗೆ ತಮ್ಮ ಒಪ್ಪಿಗೆಯನ್ನೂ, ಸಭೆಯ ಮುಖ್ಯಸ್ಥರ ಆಯ್ಕೆಗೆ ತಮ್ಮ ಮತವನ್ನೂ ಬರೆದಿಟ್ಟು ಹೋದರು. ಅದೇ ವರ್ಷ ಸೆಪ್ಟೆಂಬರ್ 27ರಂದು ಯೇಸುಸಭೆಗೆ ಪೋಪರ ಮನ್ನಣೆ ದೊರೆಯಿತು. 1541ರ ಏಪ್ರಿಲ್ ತಿಂಗಳಲ್ಲಿ ಇಗ್ನೇಷಿಯಸರು ಸಭೆಯ ಮಹಾಧ್ಯಕ್ಷರಾಗಿ ಆಯ್ಕೆಯಾದಾಗ, ದೂರದ ಝೇವಿಯರರ ಆ ಮತವೂ ಎಣಿಕೆಗೆ ಬಂದಿತು.

ಪತ್ರಗಳ ಸೇತುವೆ

ಅಂದಿನಿಂದ ಇಗ್ನೇಷಿಯಸರು ರೋಮ್ ಬಿಟ್ಟು ಹೊರಗೆ ಹೋದದ್ದು ವಿರಳ. ಅವರು ಬರೆದ ಮತ್ತು ಬರೆಸಿದ ಪತ್ರಗಳಲ್ಲಿ ಸುಮಾರು 6,800 ಇಂದಿಗೂ ಉಳಿದಿವೆ. ಪತ್ರ ಬರೆಯುವ ಕ್ರಮವನ್ನು ಕುರಿತು ಅವರು ಬಹಳ ಕಟ್ಟುನಿಟ್ಟು. 1542ರ ಡಿಸೆಂಬರಿನಲ್ಲಿ ಜರ್ಮನಿಯಲ್ಲಿದ್ದ ಪ್ರಿಯಮಿತ್ರ ಫೇಬರರಿಗೆ ಅವರು ಬರೆದ ಪತ್ರ ಇದಕ್ಕೆ ಸಾಕ್ಷಿ. ಮುಖ್ಯಪತ್ರದಲ್ಲಿ ದೇವರ ಕೆಲಸದ ವಿವರ ಮಾತ್ರ ಕ್ರಮವಾಗಿ ಇರಬೇಕು. ಯಾರಿಗೆ ಬೇಕಾದರೂ ತೋರಿಸುವಂತಿರಬೇಕು. ಆರೋಗ್ಯ, ಹಣಕಾಸು, ಒಳಗಿನ ವ್ಯವಹಾರ ಮುಂತಾದವು ಬೇರೆ ಹಾಳೆಗಳಲ್ಲಿರಬೇಕು. ಮುಖ್ಯಪತ್ರವನ್ನು ಒಮ್ಮೆ ಬರೆದು, ತಿದ್ದಿ, ಮತ್ತೆ ಬರೆಯಬೇಕು. ಆಡಿದ ಮಾತನ್ನು ಎದುರಿಗಿದ್ದವರಿಗೆ ವಿವರಿಸಬಹುದು. ಬರೆದದ್ದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹೆಚ್ಚಿನ ಎಚ್ಚರ ಬೇಕು. ಹೀಗೆ ಹೇಳಿದ ಇಗ್ನೇಷಿಯಸರು ತಾವೂ ಆ ಕಷ್ಟವನ್ನು ಪಡುತ್ತಿದ್ದರು.

1547ರಲ್ಲಿ ಹ್ವಾನ್ ದೆ ಪೊಲಾಂಕೊ ಎಂಬ ಯುವ ಗುರುಗಳನ್ನು ಅವರು ಕಾರ್ಯದರ್ಶಿಯಾಗಿ ನೇಮಿಸಿಕೊಂಡರು. ಅದೇ ವರ್ಷ ಜುಲೈ ತಿಂಗಳಲ್ಲಿ ಪೊಲಾಂಕೊ ಇಡೀ ಸಭೆಗೆ ಪತ್ರ ಬರೆದು, ಪದೇ ಪದೇ ಪತ್ರ ವ್ಯವಹಾರ ಏಕೆ ಬೇಕು ಎಂಬುದಕ್ಕೆ 20 ಕಾರಣಗಳನ್ನು ಪಟ್ಟಿಮಾಡಿದರು. ಅವರು ಇಗ್ನೇಷಿಯಸರ ಕಾಲದಲ್ಲಿ ಮಾತ್ರವಲ್ಲ, ಅವರ ನಂತರದ ಇಬ್ಬರು ಮಹಾಧ್ಯಕ್ಷರ ಕಾಲದಲ್ಲಿಯೂ ಕಾರ್ಯದರ್ಶಿಯಾಗಿ ಮುಂದುವರಿದರು. ಮುಖ್ಯಸ್ಥರು ಬದಲಾದರೂ ಕಡತಗಳನ್ನು ಬಲ್ಲ ಕೈ ಬದಲಾಗಲಿಲ್ಲ.

ಸಭೆಯ ಸಂವಿಧಾನದಲ್ಲಿಯೂ ಪತ್ರಗಳಿಗೆ ಸ್ಥಾನ ದೊರೆಯಿತು. ಸದಸ್ಯರ ಮನಸ್ಸುಗಳನ್ನು ಒಂದಾಗಿಡುವುದು ಹೇಗೆ ಎಂಬ ಅಧ್ಯಾಯದಲ್ಲಿ ಈ ನಿಯಮಗಳು ಬರುತ್ತವೆ. ಮನೆಯ ಮುಖ್ಯಸ್ಥರು ವಾರಕ್ಕೊಮ್ಮೆ ಪ್ರಾಂತಾಧಿಕಾರಿಗೆ ಬರೆಯಬೇಕು. ಪ್ರತಿ ನಾಲ್ಕು ತಿಂಗಳಿಗೊಮ್ಮೆ ಪ್ರತಿಯೊಂದು ಮನೆಯಿಂದ ಅಲ್ಲಿಯ ಸೇವೆಯ ವರದಿ ಹೋಗಬೇಕು. ಅದು ಆಯಾ ನಾಡಿನ ಭಾಷೆಯಲ್ಲಿಯೂ ಲ್ಯಾಟಿನ್ ಭಾಷೆಯಲ್ಲಿಯೂ ಇರಬೇಕು. ಅದರ ಪ್ರತಿಗಳನ್ನು ಮಾಡಿ ಉಳಿದ ಮನೆಗಳಿಗೆ ಕಳುಹಿಸಬೇಕು. ಹೀಗೆ ಸಿಸಿಲಿಯಲ್ಲಿ ಕಲಿತದ್ದು ಪೋರ್ಚುಗಲ್ಲಿಗೆ, ಗೋವೆಯಲ್ಲಿ ಕಲಿತದ್ದು ರೋಮಿಗೆ ತಲಪಿತು. ಅಧಿಕಾರಿಗೆ ಹೋಗಿ ಅಲ್ಲಿಯೇ ನಿಲ್ಲುವ ವರದಿಗಿಂತ ಇದು ಬೇರೆಯೇ ಆದ ಕ್ರಮ.

ಈ ಪತ್ರಗಳಲ್ಲಿ ಆಡಳಿತದ ಜೊತೆಗೆ ಅಕ್ಕರೆಯೂ ಇತ್ತು. ಝೇವಿಯರರು ತಮ್ಮ ಗೆಳೆಯರ ಪತ್ರಗಳಿಂದ ಅವರವರ ಸಹಿಗಳನ್ನು ಕತ್ತರಿಸಿ, ಸದಾ ತಮ್ಮ ಕೊರಳಲ್ಲಿ ಧರಿಸಿದ್ದರು. ದೂರದ ಕಷ್ಟವೂ ಇತ್ತು. 1553ರ ಜೂನ್ ತಿಂಗಳಲ್ಲಿ ಇಗ್ನೇಷಿಯಸರು ಝೇವಿಯರರನ್ನು ಯೂರೋಪಿಗೆ ಮರಳಿ ಕರೆಯುತ್ತಾ ಪತ್ರ ಬರೆದರು. ಆದರೆ ಝೇವಿಯರರು 1552ರ ಡಿಸೆಂಬರ್ 3ರಂದೇ ಚೀನಾದ ಕರೆಯ ದ್ವೀಪವೊಂದರಲ್ಲಿ ಕೊನೆಯುಸಿರೆಳೆದಿದ್ದರು. ಒಂದು ಪತ್ರದ ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, ಪ್ರತಿಯೊಂದು ವಿಷಯಕ್ಕೂ ರೋಮಿನ ಅಪ್ಪಣೆಯನ್ನು ಕಾಯುವಂತಿರಲಿಲ್ಲ. ದೂರದಲ್ಲಿರುವವನು ತಾನೇ ಸರಿಯಾದ ತೀರ್ಮಾನ ಕೈಗೊಳ್ಳುವಷ್ಟು ಮಟ್ಟಿಗೆ ಸಭೆಯ ಮನಸ್ಸು ಅವನೊಳಗೆ ಇಳಿದಿರಬೇಕಾಗಿತ್ತು. ದೀರ್ಘಕಾಲದ ತರಬೇತಿಗೆ ಇಗ್ನೇಷಿಯಸರು ಅಷ್ಟೊಂದು ಒತ್ತು ಕೊಟ್ಟದ್ದು ಈ ಕಾರಣದಿಂದ. 1548ರಲ್ಲಿ ಮೆಸ್ಸಿನಾದಲ್ಲಿ, 1551ರಲ್ಲಿ ರೋಮಿನಲ್ಲಿ ಅವರು ವಿದ್ಯಾಲಯಗಳನ್ನು ತೆರೆದರು.

ಮುಗಿಸದೆ ಬಿಟ್ಟ ಗ್ರಂಥ

ಸಂವಿಧಾನವನ್ನು ಬರೆಯುವಾಗ ಇಗ್ನೇಷಿಯಸರು ಅವಸರಪಡಲಿಲ್ಲ. ಪೊಲಾಂಕೊ ಹಿಂದಿನ ಸನ್ಯಾಸ ಸಭೆಗಳ ನಿಯಮಗಳನ್ನು ಅಭ್ಯಸಿಸಿ ಟಿಪ್ಪಣಿ ಮಾಡಿದರು. ಕರಡು ಸಿದ್ಧವಾದ ಮೇಲೆ ಗೆಳೆಯರನ್ನು ರೋಮಿಗೆ ಕರೆಸಿ ಅವರ ಅಭಿಪ್ರಾಯ ಪಡೆದರು. ಅನಂತರ ಜೆರೋಮ್ ನಡಾಲ್ ಎಂಬ ಗುರುಗಳನ್ನು 1552ರಲ್ಲಿ ಸಿಸಿಲಿಗೆ, 1553ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಿಗೆ ಕಳುಹಿಸಿದರು. ನಿಯಮಗಳನ್ನು ಅಂಚೆಯಲ್ಲಿ ಕಳುಹಿಸಿ ಸುಮ್ಮನಾಗಬಹುದಾಗಿತ್ತು. ಅದರ ಬದಲು, ಅವುಗಳ ಅರ್ಥವನ್ನು ಬಾಯಿಯಿಂದ ವಿವರಿಸಲು, ಅವು ನಡೆಯುತ್ತವೆಯೇ ಎಂದು ನೋಡಿ ಬರಲು ಒಬ್ಬ ಮನುಷ್ಯನನ್ನೇ ಕಳುಹಿಸಿದರು. ಸ್ಥಳ, ಕಾಲ ಮತ್ತು ವ್ಯಕ್ತಿಗಳಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಅವಕಾಶವನ್ನು ಆ ನಿಯಮಗಳಲ್ಲಿಯೇ ಇಟ್ಟರು. ಕೊನೆಯವರೆಗೂ ತಿದ್ದುತ್ತಲೇ ಇದ್ದರು. 1556ರ ಜುಲೈ 31ರ ಮುಂಜಾನೆ ಅವರು ತೀರಿಕೊಂಡಾಗ, ಹತ್ತು ಮಂದಿಯಿಂದ ಆರಂಭವಾದ ಸಭೆಯಲ್ಲಿ ಸುಮಾರು 1000 ಸದಸ್ಯರಿದ್ದರು. ಆದರೆ ಸಂವಿಧಾನಕ್ಕೆ ಅಂತಿಮ ಮುದ್ರೆ ಬಿದ್ದಿರಲಿಲ್ಲ. ಆ ಕೆಲಸವನ್ನು ಅವರು ಸಭೆಗೆ ಬಿಟ್ಟಿದ್ದರು. 1558ರಲ್ಲಿ ಸಭೆಯ ಮೊದಲ ಮಹಾಸಮ್ಮೇಳನ ಅದನ್ನು ಅಂಗೀಕರಿಸಿತು.

ಅವರ ಶಿಷ್ಯರು ಈ ಕ್ರಮವನ್ನೇ ಅನುಸರಿಸಿದರು. ವಿದ್ಯಾಲಯಗಳ ಬೋಧನಾಕ್ರಮದ ಕರಡನ್ನು 1586ರಲ್ಲಿ ಸಿದ್ಧಪಡಿಸಿ, ಎಲ್ಲ ಪ್ರಾಂತಗಳ ಅಭಿಪ್ರಾಯ ಪಡೆದು, ತಿದ್ದಿ, ಬಳಸಿ ನೋಡಿ, 1599ರಲ್ಲಿ ಅಂತಿಮಗೊಳಿಸಿದರು. ಪಾಠ ಹೇಳುವವರ ಅನುಭವ ಹೀಗೆ ಒಂದು ಗ್ರಂಥದೊಳಗೆ ಬಂದಿತು.

ಹಾಗೆಂದು ಎಲ್ಲವೂ ಸುಗಮವಾಗಿ ನಡೆಯಿತು ಎನ್ನಲಾಗದು. ತಮ್ಮ ಜೀವನದ ಕಥೆಯನ್ನು ಹೇಳಬೇಕೆಂದು ಶಿಷ್ಯರು ಒತ್ತಾಯಿಸಿದಾಗ ಇಗ್ನೇಷಿಯಸರು ಬಹುಕಾಲ ಹಿಂದೆ ಸರಿದರು. ಕೊನೆಗೆ 1553ರಿಂದ 1555ರ ನಡುವೆ ಲೂಯಿಸ್ ಗೊನ್ಸಾಲ್ವೆಸ್ ದ ಕಾಮರಾ ಎಂಬ ಗುರುಗಳಿಗೆ ಅದನ್ನು ಹೇಳಿದರು. ಅವರು ಕೇಳಿ, ನೆನಪಿಟ್ಟು, ಬರೆಸಿದರು. ಆದರೆ 1567ರಲ್ಲಿ, ಹೊಸ ಅಧಿಕೃತ ಚರಿತ್ರೆಯೊಂದನ್ನು ಬರೆಸುವ ಸಲುವಾಗಿ, ಈ ಬರಹದ ಪ್ರತಿಗಳನ್ನೆಲ್ಲ ಸಭೆಯೇ ಹಿಂದಕ್ಕೆ ತರಿಸಿಕೊಂಡಿತು. ರಿಬಾದೆನೈರಾ ಅವರು ಬರೆದ ಆ ಹೊಸ ಚರಿತ್ರೆ 1572ರಲ್ಲಿ ಅಚ್ಚಾಯಿತು. ಸಂತರ ಸ್ವಂತ ಮಾತುಗಳು ಕಪಾಟಿನಲ್ಲಿ ಉಳಿದವು. ಅವುಗಳ ಲ್ಯಾಟಿನ್ ಅನುವಾದ ಅಚ್ಚಾದದ್ದು 1731ರಲ್ಲಿ, ಮೂಲ ಅಚ್ಚಾದದ್ದು 1904ರಲ್ಲಿ. ಅಷ್ಟು ತಲೆಮಾರುಗಳ ಸದಸ್ಯರು ತಮ್ಮ ಸ್ಥಾಪಕರ ದನಿಯನ್ನು ಕೇಳದೆಯೇ ಬಾಳಿದರು. ಬರೆದಿಟ್ಟರೆ ಸಾಲದು, ಬರೆದದ್ದು ಓದುವವರ ಕೈಗೆ ಸಿಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದೀಪ ಆರದಂತೆ

ಸಭೆಗೆ ನಿಜವಾದ ಅಗ್ನಿಪರೀಕ್ಷೆ ಬಂದದ್ದು 1773ರಲ್ಲಿ. ಯೂರೋಪಿನ ರಾಜರುಗಳ ಒತ್ತಡಕ್ಕೆ ಮಣಿದು ಪೋಪ್ ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸದಸ್ಯರು ಚದುರಿಹೋದರು. ಮನೆಗಳು, ವಿದ್ಯಾಲಯಗಳು, ಗ್ರಂಥಾಲಯಗಳು ಕೈತಪ್ಪಿದವು. ಆದರೆ ರಷ್ಯಾದ ರಾಣಿ ಕ್ಯಾಥರೀನಳು ತನ್ನ ರಾಜ್ಯದಲ್ಲಿ ಆ ಆಜ್ಞೆಯನ್ನು ಪ್ರಕಟಿಸಲು ಒಪ್ಪಲಿಲ್ಲ. ಅಲ್ಲಿದ್ದ ಸುಮಾರು 200 ಮಂದಿ ಹಿಂದಿನ ಕ್ರಮದಲ್ಲಿಯೇ ಬದುಕು ಮುಂದುವರಿಸಿದರು. 1780ರಲ್ಲಿ ಪೋಲೋತ್ಸ್ಕ್ ಎಂಬಲ್ಲಿ ಹೊಸಬರ ತರಬೇತಿಯನ್ನು ಆರಂಭಿಸಿದರು. ಇಟಲಿಯಲ್ಲಿ ಸಂತ ಜೋಸೆಫ್ ಪಿಞತೆಲ್ಲಿ ಅವರು ವೃದ್ಧಾಪ್ಯದಲ್ಲಿ ಯುವಕರನ್ನು ತರಬೇತುಗೊಳಿಸಿದರು. ಸಭೆ ಮತ್ತೆ ಜೀವ ತಳೆಯುವುದನ್ನು ಕಾಣದೆಯೇ 1811ರಲ್ಲಿ ತೀರಿಕೊಂಡರು.

1814ರ ಆಗಸ್ಟ್ 7ರಂದು ಪೋಪ್ ಏಳನೆಯ ಪಯಸರು ಸಭೆಯನ್ನು ಪುನಃ ಸ್ಥಾಪಿಸಿದಾಗ 41 ವರ್ಷಗಳು ಕಳೆದಿದ್ದವು. ಇನ್ನೂ ಇಪ್ಪತ್ತು ವರ್ಷ ತಡವಾಗಿದ್ದರೆ ಹಳಬರಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಸಂವಿಧಾನದ ಪುಸ್ತಕ ಕಪಾಟಿನಲ್ಲಿ ಇರುತ್ತಿತ್ತು. ಆದರೆ ಅದರಂತೆ ಬಾಳಿ ತೋರಿಸಲು ಯಾರಿರುತ್ತಿದ್ದರು? ಬರಹವು ಉಳಿದಿತ್ತು, ಅದನ್ನು ಬದುಕಿದವರೂ ಉಳಿದಿದ್ದರು. ಎರಡೂ ಇದ್ದುದರಿಂದ ಸಭೆ ಮರಳಿ ಚಿಗುರಿತು.

ನಮ್ಮ ಕನ್ನಡ ನಾಡು ಇದೇ ಕಥೆಯ ಇನ್ನೊಂದು ಮುಖವನ್ನು ಕಂಡಿದೆ. 17ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಅವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶ ಬರೆದರು. 1759ರಲ್ಲಿ ಪೋರ್ಚುಗಲ್ ಸರಕಾರ ಯೇಸುಸಭೆಯವರನ್ನು ಹೊರಹಾಕಿದಾಗ, ಮತ್ತೆ 1773ರಲ್ಲಿ ಸಭೆಯೇ ಇಲ್ಲವಾದಾಗ, ಇಲ್ಲಿಯ ಕೊಂಡಿ ಕಳಚಿತು. ಕೈಯಿಂದ ಕೈಗೆ ಬರಬೇಕಾಗಿದ್ದ ತಿಳಿವಳಿಕೆ ನಿಂತುಹೋಯಿತು. ಆ ಮಿಷನ್ನಿನ ಬಗ್ಗೆ ಇಂದು ನಾವು ಅರಿತಿರುವುದು ಬಹುಮಟ್ಟಿಗೆ ಇಲ್ಲಿಂದ ರೋಮಿಗೆ ಹೋದ ಪತ್ರಗಳಿಂದ. ಫಾದರ್ ಫೆರೋಲಿ ಅವರು ಮೈಸೂರಿನ ಯೇಸುಸಭೆಯ ಚರಿತ್ರೆಯನ್ನು 1955ರಲ್ಲಿ ಪ್ರಕಟಿಸಲು ಸಾಧ್ಯವಾದದ್ದು, ನಮ್ಮ ಹಳ್ಳಿಗಳ ಬಿಸಿಲಿನಲ್ಲಿ ಕುಳಿತು ಯಾರೋ ತಪ್ಪದೆ ಪತ್ರ ಬರೆದಿದ್ದರಿಂದ.

ಮುಂದೆ 1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯವರು ಮಂಗಳೂರಿನಲ್ಲಿ ಬಂದಿಳಿದರು. 1880ರಲ್ಲಿ ಅವರು ಆರಂಭಿಸಿದ ವಿದ್ಯಾಲಯಕ್ಕೆ ಸಂತ ಅಲೋಶಿಯಸರ ಹೆಸರಿಟ್ಟರು. ಆ ಅಲೋಶಿಯಸರು ಓದಿದ್ದು ಇಗ್ನೇಷಿಯಸರು ರೋಮಿನಲ್ಲಿ ತೆರೆದ ವಿದ್ಯಾಲಯದಲ್ಲಿ. ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ 23ನೆಯ ವಯಸ್ಸಿನಲ್ಲಿ ಅವರು ಪ್ರಾಣ ಬಿಟ್ಟರು. ಹೀಗೆ ಒಂದು ಮನೆಯಲ್ಲಿ ಹಚ್ಚಿದ ದೀಪದಿಂದ ಇನ್ನೊಂದು ಮನೆಯ ದೀಪ ಹೊತ್ತಿತು.

ನಮ್ಮ ಧರ್ಮಕೇಂದ್ರಗಳ ಸಂಘಗಳು ಯೇಸುಸಭೆಯಷ್ಟು ದೊಡ್ಡವಲ್ಲ. ಆದರೂ ಇಗ್ನೇಷಿಯಸರು ಪಟ್ಟ ಕಷ್ಟದಲ್ಲಿ ಒಂದು ಪಾಲನ್ನು ನಾವು ವಹಿಸಿಕೊಳ್ಳಬಹುದು. ನಿರ್ಣಯದ ಜೊತೆಗೆ ಅದರ ಕಾರಣವನ್ನೂ ನಡವಳಿಯಲ್ಲಿ ಬರೆಯೋಣ. ಎಲ್ಲರಿಗೂ ಓದಿ ಹೇಳಬಹುದಾದದ್ದನ್ನೂ, ಗುಟ್ಟಾಗಿ ಇರಬೇಕಾದದ್ದನ್ನೂ ಬೇರೆ ಬೇರೆ ಹಾಳೆಗಳಲ್ಲಿ ಇಡೋಣ. ವಾರ್ಡಿನ ಗುರಿಕಾರರು ನಿವೃತ್ತರಾಗುವ ಒಂದು ವರ್ಷ ಮೊದಲೇ ಅವರ ಜೊತೆ ಒಬ್ಬ ಯುವಕನನ್ನೋ ಯುವತಿಯನ್ನೋ ಮನೆಮನೆಗೆ ಕಳುಹಿಸೋಣ. ಯಾವ ಬಾಗಿಲನ್ನು ಮೆಲ್ಲಗೆ ತಟ್ಟಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ; ಅದನ್ನು ಜೊತೆಯಲ್ಲಿ ನಡೆದೇ ಕಲಿಯಬೇಕು. ಬೆಳ್ಳಿಹಬ್ಬಕ್ಕೆಂದು ಸ್ಮರಣಸಂಚಿಕೆ ತರುವ ವರ್ಷ ಬರುವ ತನಕ ಕಾಯುವುದು ಬೇಡ. ನಮ್ಮ ಧರ್ಮಕೇಂದ್ರದ ಹಿರಿಯರು ಈ ಭಾನುವಾರವೂ ಪೂಜೆಗೆ ಬರುತ್ತಾರೆ. ಪೂಜೆ ಮುಗಿದ ಮೇಲೆ ಅವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.